ಭಾನುವಾರದ ಡ್ಯೂಟಿ

ಭಕ್ತಿಯಲ್ಲಿ ಎರಡು ಬಗೆಯೆಂದು ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು. ಒಂದು ತಾನಾಗಿ ಉರಿಯುವುದು, ಇನ್ನೊಂದು ಪಕ್ಕದವರ ಶಾಖದಲ್ಲಿ ಬೆಚ್ಚಗಿರುವುದು. ನನ್ನದು ಎರಡನೆಯದು. ಆದರೂ ಹೊಸಪೇಟೆಯ ನಮ್ಮ ಚರ್ಚಿನಲ್ಲಿ ದೊಡ್ಡ ಭಕ್ತನೆಂದೇ ನನಗೆ ಹೆಸರಿತ್ತು. ಅದಕ್ಕೆ ಕಾರಣ ನನ್ನ ಗಂಟಲು. ಎಲ್ಲರೂ ಎದ್ದು ಹಾಡುವಾಗ ನನ್ನ ದನಿ ಕಿಟಕಿ ದಾಟಿ, ರಸ್ತೆ ದಾಟಿ, ಎದುರಿನ ಮಿರ್ಚಿ ಬಂಡಿಯವರೆಗೆ ಹೋಗುತ್ತದಂತೆ. ಇಷ್ಟು ಜೋರಾಗಿ ಹಾಡುವವನು ಮನೆಯಲ್ಲೂ ಮೊಣಕಾಲೂರಿ ಪ್ರಾರ್ಥಿಸುತ್ತಾನೆಂದು ಜನ ತಾವೇ ನಂಬಿಕೊಂಡರು. ನಾನು ತಿದ್ದಲು ಹೋಗಲಿಲ್ಲ.

ನನ್ನ ಕೆಲಸ ಸಂಡೂರಿನ ಹತ್ತಿರದ ಒಂದು ಗಣಿಯಲ್ಲಿ. ಅದಿರು ತುಂಬಿದ ಲಾರಿ ವೇಬ್ರಿಡ್ಜ್ ಮೇಲೆ ಹತ್ತಿ ನಿಲ್ಲುತ್ತದೆ, ನಾನು ಪಕ್ಕದ ಕೋಣೆಯಿಂದ ತೂಕದ ಚೀಟಿ ಕೊಡುತ್ತೇನೆ. ಕಳೆದ ವರ್ಷ ಹೊಸ ಮ್ಯಾನೇಜರು ಬಂದು ಡ್ಯೂಟಿ ಪಟ್ಟಿಯನ್ನೇ ಬದಲಿಸಿದರು. ನನ್ನ ವಾರದ ರಜೆ ಭಾನುವಾರದಿಂದ ಬುಧವಾರಕ್ಕೆ ಜಿಗಿಯಿತು. ಹೆಂಡತಿ ಸರೋಜ ಕಂಗಾಲಾದಳು. "ಚರ್ಚಿನ ಸಭಿ ಬಿಟ್ಟು ಹೆಂಗ ಇರ್ತೀರಿ?" ಎಂದಳು. ನಾನು ಗಡೀಪಾರಾದವನ ಮುಖ ಮಾಡಿಕೊಂಡು ನಿಟ್ಟುಸಿರುಬಿಟ್ಟೆ. ನಿಜ ಹೇಳಬೇಕೆಂದರೆ, ಮೊದಲ ಭಾನುವಾರ ಕಂಪನಿ ಬಸ್ಸು ಹತ್ತುವಾಗ, ಮೇಷ್ಟ್ರು ಬಂದಿಲ್ಲವೆಂದು ತಿಳಿದ ಶಾಲೆಯ ಹುಡುಗನಂತೆ ಒಳಗೊಳಗೇ ಹಿಗ್ಗಿದ್ದೆ. ನಮ್ಮ ಪಾದ್ರಿ ಅಯ್ಯನವರ ಪ್ರಸಂಗ ಕೇಳಿದವರಿಗೆ ಇದು ಅರ್ಥವಾಗುತ್ತದೆ. ಅವರು "ಕೊನೆಯದಾಗಿ" ಎಂದ ಮೇಲೆ ಇನ್ನೂ ಅರ್ಧ ಗಂಟೆ ಇರುತ್ತದೆ.

ಆ ಹಿಗ್ಗು ಮೂರು ವಾರವೂ ಬಾಳಲಿಲ್ಲ. ಏನೋ ಕಳೆದುಕೊಂಡಂತೆ ಇರುಸುಮುರುಸು ಶುರುವಾಯಿತು. ಸರೋಜ ಚರ್ಚಿನಿಂದ ವಿಡಿಯೊ ಕಾಲ್ ಮಾಡಿ ಮೊಬೈಲು ಎತ್ತಿ ಹಿಡಿದಳು. ಗಣಿಯ ಗುಡ್ಡದ ಸಂದಿನಲ್ಲಿ ಸಿಗ್ನಲ್ ಬಂದರೆ ಬಂತು. ಅಯ್ಯನವರು ಬಾಯಿ ತೆರೆದವರು ತೆರೆದಂತೆಯೇ ನಿಂತುಬಿಟ್ಟರು. ಮತ್ತೆ ಚಿತ್ರ ಅಲುಗಾಡುವ ಹೊತ್ತಿಗೆ ಆಶೀರ್ವಾದ ಮುಗಿದು, ಜನ ಚಪ್ಪಲಿ ಹುಡುಕುತ್ತಿದ್ದರು. ಇದಾಗದೆಂದು ಒಂದು ಬುಧವಾರ ನಾನೇ ಚರ್ಚಿಗೆ ಹೋದೆ. ಕಸ ಗುಡಿಸುವ ಮಾರ್ತಮ್ಮ ನೆಲ ಒರೆಸುತ್ತಿದ್ದಳು. "ಒದ್ದಿ ಐತ್ರಿ, ಕಾಲಿಡಬ್ಯಾಡ್ರಿ" ಎಂದು ಬಾಗಿಲಲ್ಲೇ ತಡೆದಳು. ಮೆಟ್ಟಿಲ ಮೇಲೆ ಕುಳಿತು ಒಂದು ಹಾಡು ಎತ್ತಿದೆ. ಜೊತೆಗೆ ನೂರು ದನಿ ಇಲ್ಲದಾಗ ನನ್ನ ದನಿ ಎಷ್ಟು ಒರಟೆಂಬುದು ಅಂದು ಗೊತ್ತಾಯಿತು. ಎರಡನೆಯ ಸಾಲಿಗೆ ನಿಲ್ಲಿಸಿ, ಎದ್ದು ಮಿರ್ಚಿ ತಿನ್ನಲು ಹೋದೆ.

ಆಮೇಲೆ ವೇಬ್ರಿಡ್ಜ್ ಕೋಣೆಯಲ್ಲೇ ಆರಾಧನೆ ಮಾಡುವುದೆಂದು ನಿಶ್ಚಯಿಸಿದೆ. ಭಾನುವಾರ ಹನ್ನೊಂದಕ್ಕೆ ಲಾರಿಗಳು ಸ್ವಲ್ಪ ಕಡಿಮೆ. ಕಣ್ಣು ಮುಚ್ಚಿ ಕುಳಿತರೆ, ಕಿಟಕಿಯಲ್ಲಿ ತಲೆ ಹಾಕಿದ ಡ್ರೈವರೊಬ್ಬ, "ಸಾಹೇಬ್ರಿಗೆ ಮನ್ಯಾಗ ಮಲಗಾಕ ಬಿಡಂಗಿಲ್ಲೇನ್ರಿ?" ಎಂದು ಕೇಳಿದ. ಕಣ್ಣು ತೆರೆದು ಪ್ರಾರ್ಥಿಸಿದರೆ ಮನಸ್ಸು ಟಾರ್ಪಾಲಿನ ಹಗ್ಗ ಎಣಿಸುತ್ತಿತ್ತು. ಹೀಗೆ ಒಂದು ವಾರ ತಪ್ಪಿತು, ಎರಡು ವಾರ ತಪ್ಪಿತು, ಆಮೇಲೆ ತಪ್ಪಿದ್ದೇ ರೂಢಿಯಾಯಿತು. ಸೋಮವಾರ ತಿಂಡಿಯ ಹೊತ್ತಿಗೆ ಸರೋಜ, "ನಿನ್ನಿ ಯಾವ ವಾಕ್ಯ ಓದಿದ್ರಿ?" ಎಂದು ಕೇಳುವಳು. ನಾನು ಪ್ರತಿ ಸಲವೂ ಬಾಯಿಗೆ ಬಂದ ಬೈಬಲಿನ ಕುರುಬನ ಕೀರ್ತನೆಯನ್ನೇ ಹೇಳುವೆ. ನಾಲ್ಕನೆಯ ಸೋಮವಾರ ಅವಳು ಮಂಡಕ್ಕಿ ಒಗ್ಗರಣೆ ಬಡಿಸುತ್ತ, "ಯಾಕ್ರಿ, ಆ ಕುರುಬ ಇನ್ನೂ ಅಲ್ಲೇ ನಿಂತಾನೇನು?" ಎಂದಳು. ನಗಲು ಹೋದೆ, ನಗು ಬರಲಿಲ್ಲ. ಸುಳ್ಳು ಹೇಳಿದ್ದಕ್ಕಿಂತ, ಪ್ರಾರ್ಥಿಸಬೇಕೆಂಬ ಆಸೆಯೇ ಒಣಗಿಹೋಗಿದೆಯಲ್ಲ ಎಂದು ಭಯವಾಯಿತು. ಮೂವತ್ತು ವರ್ಷ ನಾನು ನಂಬಿದ್ದು ದೇವರನ್ನೋ, ಎರಡನೆಯ ಸಾಲಿನಲ್ಲಿ ಫ್ಯಾನಿನ ಕೆಳಗಿದ್ದ ನನ್ನ ಜಾಗವನ್ನೋ?

ಇದನ್ನು ಯಾರ ಹತ್ತಿರವಾದರೂ ಹೇಳಬೇಕಿತ್ತು. ಸಿಕ್ಕವನು ಜೊತೆಯಲ್ಲಿ ಕೆಲಸ ಮಾಡುವ ಶೇಖರಪ್ಪ. ಲಿಂಗಾಯತರವನು, ಕೊರಳಲ್ಲಿ ಇಷ್ಟಲಿಂಗ. ದಿನಾ ಬೆಳಗ್ಗೆ ಪೂಜೆ ಮಾಡದೆ ಚಹಾ ಮುಟ್ಟುವವನಲ್ಲ. ಎಲ್ಲ ಕೇಳಿ ಅಂದ: "ನಮ್ಮ ಗುಡಿ ಎದಿ ಮ್ಯಾಲೇ ಐತ್ರಿ ಸಾಮಣ್ಣ. ಎಲ್ಲಿ ಕುಂತ್ರೂ ಪೂಜಿ ಆಗ್ತೈತಿ. ನಿಮ್ದನ್ನ ಯಾಕ ಹೊಸಪೇಟ್ಯಾಗ ಬಿಟ್ಟು ಬರ್ತೀರಿ?" ಅದೃಷ್ಟಕ್ಕೆ ಒಂದು ಲಾರಿ ಬಂತು.

ಮುಂದಿನ ಭಾನುವಾರ ಕಂಪ್ಲಿಯ ಡ್ರೈವರ್ ಹುಲುಗಪ್ಪ ಚೀಟಿ ತೆಗೆದುಕೊಂಡವನು ಕಿಟಕಿ ಬಿಟ್ಟು ಕದಲಲಿಲ್ಲ. ಅವನ ಆರು ವರ್ಷದ ಮಗಳು ನಾಲ್ಕು ದಿನದಿಂದ ಜ್ವರದಲ್ಲಿ ಆಸ್ಪತ್ರೆಯಲ್ಲಿದ್ದಳು. "ನೀವು ಪ್ರಾರ್ಥನಾ ಮಾಡೋರಂತಲ್ರಿ. ಶೇಖರಪ್ಪ ಹೇಳಿದ. ನಮ್ಮ ಹುಡುಗಿ ಸಲುವಾಗಿ ಒಂದೀಟು ಮಾಡ್ರಿ" ಎಂದ. ಶೇಖರಪ್ಪ ಮೂಲೆಯಲ್ಲಿ ರಿಜಿಸ್ಟರ್ ನೋಡುವಂತೆ ನಟಿಸುತ್ತಿದ್ದ. ಇಲ್ಲ ಎನ್ನುವ ಹಾಗಿರಲಿಲ್ಲ. ಎದ್ದು ನಿಂತು, ನಮ್ಮ ಅಯ್ಯನವರ ಗತ್ತಿನಲ್ಲೇ "ಸರ್ವಶಕ್ತನೂ ಕೃಪಾಳುವೂ ಆದ ಕರ್ತನೇ" ಎಂದು ಶುರುಮಾಡಿದೆ. ಮುಂದೆ ಒಂದು ಶಬ್ದವೂ ಬರಲಿಲ್ಲ. ಹುಲುಗಪ್ಪ ಕಣ್ಣು ಮುಚ್ಚದೆ ನನ್ನ ಬಾಯನ್ನೇ ನೋಡುತ್ತಿದ್ದ. ಹಿಂದೆ ಇನ್ನೊಂದು ಲಾರಿಯ ಹಾರ್ನು. ಕೊನೆಗೆ ಕಣ್ಣು ಮುಚ್ಚಿ, "ಕರ್ತನೇ, ಇವನ ಮಗಳ ಜ್ವರ ಇಳೀವಲ್ದು. ಇಳಸಪ್ಪ. ಇವ ಇಲ್ಲಿ ಸ್ಟೇರಿಂಗ್ ಹಿಡಿದಾನ, ಜೀವ ಅಲ್ಲೈತಿ. ಇಬ್ಬರನ್ನೂ ನೋಡ್ಕೊ. ನಾನೂ ನಿನ್ನ ಕೂಡ ಮಾತಾಡಿ ಭಾಳ ದಿನಾತು" ಎಂದೆ. ಕಣ್ಣು ಬಿಟ್ಟಾಗ ಶೇಖರಪ್ಪ ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿ ನಿಂತಿದ್ದ.

ವಾರದ ಮೇಲೆ ಹುಲುಗಪ್ಪ ಬಾಳೆಹಣ್ಣು ಹಿಡಿದು ಬಂದ. ಮಗಳು ಮನೆಗೆ ಬಂದಿದ್ದಳು. "ಡಾಕ್ಟ್ರು ಗ್ಲೂಕೋಸ್ ಹಚ್ಚಿದ್ರು, ನೀವು ಪ್ರಾರ್ಥನಾ ಹಚ್ಚಿದ್ರಿ" ಎಂದು ಶ್ರೇಯವನ್ನು ಇಬ್ಬರಿಗೂ ಸಮನಾಗಿ ಹಂಚಿದ. ಆಮೇಲೆ ಭಾನುವಾರ ಹನ್ನೊಂದಕ್ಕೆ ಒಬ್ಬಿಬ್ಬರು ಕಿಟಕಿಯ ಹತ್ತಿರ ನಿಲ್ಲತೊಡಗಿದರು. ಒಬ್ಬನಿಗೆ ತಾಯಿಯ ಕಣ್ಣಿನ ಆಪರೇಷನ್, ಒಬ್ಬನಿಗೆ ಸಿಟ್ಟು ಮಾಡಿ ದರೋಜಿಯ ತವರಿಗೆ ಹೋದ ಹೆಂಡತಿ. ಇವರಿಗೆಲ್ಲ ಬೇಡುವಾಗ ನನ್ನದೂ ಒಂದೆರಡು ಮಾತು ಸೇರುತ್ತಿತ್ತು. ಸೋಮವಾರ ಸರೋಜಳಿಗೆ ಹೇಳಲು ನಿಜವಾದ ಸುದ್ದಿ ಇರುತ್ತಿತ್ತು.

ಎಂಟು ತಿಂಗಳಾದ ಮೇಲೆ ಪಟ್ಟಿ ಮತ್ತೆ ಬದಲಾಗಿ ನನ್ನ ಭಾನುವಾರ ನನಗೆ ಸಿಕ್ಕಿತು. ಚರ್ಚಿನಲ್ಲಿ ಎಲ್ಲರೂ ಕೈಕುಲುಕಿದರು. ನನ್ನ ಹಳೆಯ ಜಾಗ ಖಾಲಿಯಿತ್ತು, ಫ್ಯಾನು ತಿರುಗುತ್ತಿತ್ತು. ಸುತ್ತಲಿನ ದನಿಗಳ ನಡುವೆ ನಿಂತು ಹಾಡುವಾಗ ಕಣ್ಣು ತುಂಬಿಬಂತು.

ಮರುದಿನ ಡ್ಯೂಟಿಗೆ ಹೋದಾಗ ಶೇಖರಪ್ಪ ತುಸು ಸಂಕೋಚದಿಂದ ಹೇಳಿದ: "ನಿನ್ನಿ ಹನ್ನೊಂದಕ್ಕ ಇಬ್ಬರು ಬಂದಿದ್ರು. ಪಾಪ, ಹೆಂಗ ವಾಪಸ್ ಕಳಸಲಿ? ನಾನೇ ಮಾಡಿದೆ."

"ಏನಂತ ಮಾಡಿದ್ಯೋ?"

"ಸಾಮಣ್ಣನ ದೇವ್ರೇ, ಸಾಮಣ್ಣ ರಜಾದ ಮ್ಯಾಲೆ ಅದಾನ, ನೀನು ಡ್ಯೂಟಿ ಮ್ಯಾಲೆ ಇರು ಅಂದೆ. ತಪ್ಪಾತೇನ್ರಿ?"

ತಪ್ಪೇನೂ ಇಲ್ಲವೆಂದೆ. ಸರಿಯಾಗಿ ಅದೇ ಹನ್ನೊಂದಕ್ಕೆ ಅಯ್ಯನವರು "ಕೊನೆಯದಾಗಿ" ಎಂದಿದ್ದರು, ಮತ್ತು ನಾನು ಗಲ್ಲ ಎದೆಗೆ ತಾಗಿಸಿ ಗಾಢ ನಿದ್ದೆಯಲ್ಲಿದ್ದೆ ಎಂಬುದನ್ನು ಮಾತ್ರ ಅವನಿಗೆ ಹೇಳಲಿಲ್ಲ.