ಸಾವಕಾರರನ್ನು ಎಲ್ಲಿ ಮಲಗಿಸುವುದು?

"ಮಾರಿ ತಿಕ್ಕತೀ, ಛಲೋ ಆತು. ಮಲಗಸೋದು ಎಲ್ಲಿ?"

ಅನಂತಪ್ಪ ಸಾವಕಾರರು ಕೇಳಿದ್ದು ಇಷ್ಟೇ. ಕೇಳಿ, ಖೋಲಿಯ ಕೀಲಿಕೈಯನ್ನು ಗೂಳಪ್ಪನ ಅಂಗೈಗೆ ಹಾಕಿ, ಬೆಳಗಿನ ಪೇಟೆಯ ಗದ್ದಲದಲ್ಲಿ ಕರಗಿಹೋದರು. ಗೂಳಪ್ಪ ಮಾತ್ರ ನಿಂತಲ್ಲೇ ನಿಂತ.

ಜಮಖಂಡಿಯಲ್ಲಿ ಅವನ ಅಜ್ಜ, ಅಪ್ಪ ಇಬ್ಬರೂ ಕತ್ತಿ ಕತ್ತರಿಗಳ ಚೀಲ ಹೆಗಲಿಗೇರಿಸಿ ಮನೆಮನೆ ತಿರುಗಿ ಕ್ಷೌರ ಮಾಡಿದವರು. ಗೂಳಪ್ಪನೂ ಹತ್ತು ವರ್ಷ ತಿರುಗಿದ್ದ. ಆದರೆ ಮೀರಜಿನ ಒಂದು ಸಲೂನಿನಲ್ಲಿ ಆರು ತಿಂಗಳು ಕೆಲಸ ಮಾಡಿ ಬಂದ ಮೇಲೆ ಆ ಚೀಲ ಅವನಿಗೆ ಹೆಗಲೇರಿದ ಬೇತಾಳದ ಹಾಗೆ ಕಾಣತೊಡಗಿತ್ತು. ಅಲ್ಲಿ ಗಿರಾಕಿಗಳೇ ನಡೆದು ಅಂಗಡಿಗೆ ಬರುತ್ತಿದ್ದರು! ಮುಖಕ್ಕೆ ಕಡಲೆಹಿಟ್ಟು, ಗಂಧ, ಹಾಲಿನ ಕೆನೆ ಬಳಿಸಿಕೊಂಡು, ಕಣ್ಣ ಮೇಲೆ ಒದ್ದೆ ಹತ್ತಿ ಇರಿಸಿಕೊಂಡು ಅರ್ಧ ತಾಸು ಮಲಗಿ, ಮದುಮಕ್ಕಳಂತೆ ಹೊಳೆಯುತ್ತ ಎದ್ದು ಹೋಗುತ್ತಿದ್ದರು. ಅಂಥದೊಂದು ಅಂಗಡಿ ಜಮಖಂಡಿಯಲ್ಲೂ ಆಗಬೇಕು, ಚೀಲ ಗೂಟಕ್ಕೆ ಸೇರಬೇಕು. ಇದೇ ಅವನ ಹಂಬಲ.

ಪೇಟೆಯ ಮೂಲೆಯ ಖಾಲಿ ಖೋಲಿ ಸಾವಕಾರರದು. ಸಂಜೆ ತಾವೇ ಬಂದು ಮುಖ ತಿಕ್ಕಿಸಿಕೊಳ್ಳುವುದು, ಸುಖವೆನಿಸಿದರೆ ಖೋಲಿ ಗೂಳಪ್ಪನಿಗೆ. ಇಲ್ಲವಾದರೆ ನಾಳೆಯೇ, ಅದನ್ನು ಕೇಳಿಕೊಂಡು ಬಂದಿದ್ದ ಬಣ್ಣಗಾರರಿಗೆ. ಮಾತು ಹಾಗೆ ಆಗಿತ್ತು.

ಮೀರಜಿನಲ್ಲಿ ಗಿರಾಕಿಗಳನ್ನು ಎಂಥದರ ಮೇಲೆ ಮಲಗಿಸುತ್ತಿದ್ದರು? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಆರು ತಿಂಗಳೂ ಅವನು ನೋಡಿದ್ದು ಗಿರಾಕಿಗಳ ಮುಖವನ್ನು. ಬೆನ್ನ ಕೆಳಗೆ ಏನಿತ್ತೋ ದೇವರೇ ಬಲ್ಲ.

ಎದುರಿಗೇ ಬಡಿಗ ಗಿರಿಮಲ್ಲಪ್ಪನ ಅಂಗಡಿ. ಗೂಳಪ್ಪನ ಪೇಚು ಕೇಳಿದ್ದೇ ತಡ, ಅವನು ಆರಡಿ ಉದ್ದದ ಹಲಗೆಯ ಬೆಂಚೊಂದನ್ನು ಎತ್ತಿಕೊಂಡು ಬಂದ. "ಆನಿ ಮಲಗಿದ್ರೂ ಮುರಿಯೂದಿಲ್ಲ. ಯಾರನ್ನರೆ ಮಲಗಿಸಿ ನೋಡು."

ಸಂತೆಗೆ ಕಂಬಳಿ ಮಾರಲು ಬಂದಿದ್ದ ಕುರುಬರ ಧರೆಪ್ಪ ಸಿಕ್ಕ. ಪುಕ್ಕಟೆ ಎಂದಕೂಡಲೇ ಮಲಗಿದ. ಗೂಳಪ್ಪ ಅವನ ಮುಖಕ್ಕೆ ಹಿಟ್ಟು ಬಳಿದ, ಕಣ್ಣಿಗೆ ಹತ್ತಿ ಇಟ್ಟ, ಅಂಗಿ ಕೆಡಬಾರದೆಂದು ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದಿಸಿದ. ಅಷ್ಟರಲ್ಲಿ ರೊಟ್ಟಿಯ ಬುಟ್ಟಿ ಹೊತ್ತು ಗಂಡನನ್ನು ಹುಡುಕುತ್ತ ಬಂದ ಸೋಮವ್ವ ಬಾಗಿಲಲ್ಲಿ ಇಣುಕಿದಳು.

"ಅಯ್ಯಯ್ಯೋ! ಮುಂಜಾನಿ ಛಲೋ ಇದ್ದನಲ್ರೀ!"

ಬುಟ್ಟಿ ನೆಲಕ್ಕೆ ಬಿತ್ತು. ಹೆಂಡತಿಯ ದನಿ ಕೇಳಿ ಧರೆಪ್ಪ ಸುಣ್ಣ ಬಳಿದ ಗೋಡೆಯಂಥ ಮುಖ ಹೊತ್ತು ದಡಕ್ಕನೆ ಎದ್ದು ಕುಳಿತ. ಸೋಮವ್ವ ಈಗ ನಿಜವಾಗಿ ಚೀರಿದಳು. ಪೇಟೆಯ ಅರ್ಧ ಮಂದಿ ಓಡಿ ಬಂದರು.

"ಏನು ಮಾಡಲಿ ಮತ್ತ?" ಎಂದು ಅವಳು ಗೂಳಪ್ಪನ ಮೇಲೆ ಹರಿಹಾಯ್ದಳು. "ಹಲಗಿ ಮ್ಯಾಲೆ ಉದ್ದಕ ಮಲಗಿಸಿ, ಬಿಳೀ ಅರಿವಿ ಹೊಚ್ಚಿ, ಕಣ್ಣಾಗ ಹತ್ತಿ ಇಟ್ಟಿದಿ. ತಲಿ ಬ್ಯಾರೆ ಉತ್ತರಕ್ಕ!"

ನೆರೆದವರೆಲ್ಲ ದಿಕ್ಕು ಹೇಳತೊಡಗಿದರು. ತಲೆಯನ್ನು ದಕ್ಷಿಣಕ್ಕೆ ತಿರುಗಿಸಿದರೆ ಬೆಳಕು ಬೀಳಲಿಲ್ಲ. ಪಶ್ಚಿಮಕ್ಕೆ ತಿರುಗಿಸಿದರೆ ಗೂಳಪ್ಪನಿಗೆ ನಿಲ್ಲಲು ಜಾಗವಿಲ್ಲ, ಬಾಗಿಲು ಅಡ್ಡ. ಪೂರ್ವಕ್ಕೆ ತಿರುಗಿಸಿದರೆ ಕಾಲು ಬಾಗಿಲ ಕಡೆ. "ಈಗಂತೂ ಹೊರಗ ಒಯ್ಯಾಕ ತಯಾರಾದಂಗ ಕಾಣತೈತಿ," ಎಂದು ಯಾರೋ ತೀರ್ಪು ಕೊಟ್ಟರು. ಧರೆಪ್ಪ ಬೆಂಚಿನ ಜೊತೆಗೆ ಗಾಣದೆತ್ತಿನಂತೆ ಸುತ್ತಿ ಸುತ್ತಿ ತಲೆ ತಿರುಗಿ ಎದ್ದು ಹೋದ.

"ಮಲಗಸಾಕ ಹೋಗಬ್ಯಾಡೋ. ಕುಂಡರಸು," ಎಂದ ಗಿರಿಮಲ್ಲಪ್ಪ. ಕಚೇರಿಗೆಂದು ಮಾಡಿಟ್ಟಿದ್ದ ಎತ್ತರದ ಬೆನ್ನಿನ ಕುರ್ಚಿ ತಂದು, ಈ ಸಲ ತಾನೇ ಕುಳಿತ.

ಗೂಳಪ್ಪ ಹಿಟ್ಟು ಬಳಿದ. ತಲೆ ವಾಲದಂತೆ ಹಣೆಗೊಂದು ವಸ್ತ್ರ ಸುತ್ತಿ ಕುರ್ಚಿಯ ಬೆನ್ನಿಗೆ ಕಟ್ಟಿದ. "ಒಣಗೂ ತನಕ ತುಟಿ ಅಲುಗಸಬ್ಯಾಡ, ಬಿರುಕ ಬಿಡತೈತಿ," ಎಂದು ತಾಕೀತು ಮಾಡಿ ನೀರು ತರಲು ಹಿತ್ತಲಿಗೆ ಹೋದ.

ಆಗ ಒಳಗೆ ಬಂದವಳು ಪಕ್ಕದ ಮನೆಯ ಮಾದೇವಿ ಆಯಿ. ಓಣಿಯ ಸೂಲಗಿತ್ತಿ. ಅವಳ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸುತ್ತಾರೆ, ಹಣೆತುಂಬ ವಿಭೂತಿ ಹಚ್ಚುತ್ತಾರೆ. ಆಯಿ ಕುರ್ಚಿಯ ಕಡೆ ನೋಡಿದಳು. ಎದೆಗೆ ಕೈ ಹಚ್ಚಿಕೊಂಡಳು.

"ಗಿರಿಮಲ್ಲಾ! ಮುದುಕಿ ನಾ ಇನ್ನೂ ಕುಂತೇನಿ, ನೀ ಹೊಂಟಿದೇನೋ!"

ಗೂಳಪ್ಪ ಕೊಡ ಹಿಡಿದು ಬರುವಷ್ಟರಲ್ಲಿ ಗಿರಿಮಲ್ಲಪ್ಪನ ಕೊರಳಲ್ಲಿ ಹೂವಿನ ಸರವಿತ್ತು, ಮುಂದೆ ಊದಿನಕಡ್ಡಿಯಿತ್ತು. ಎಂದೂ ಅವನನ್ನು ಹೊಗಳದವರು ಹೊಗಳುತ್ತಿದ್ದರು. ಇಬ್ಬರು ತಾಳ ಹಿಡಿದು ಭಜನೆಗೆ ಕುಳಿತೂ ಬಿಟ್ಟಿದ್ದರು. ಗಿರಿಮಲ್ಲಪ್ಪ, ಪಾಪ, ತುಟಿ ಅಲುಗಿಸಬಾರದೆಂಬ ಮಾತು ನಡೆಸಿಕೊಂಡು ಹೊಗೆಯ ಮರೆಯಲ್ಲಿ ಕಣ್ಣಷ್ಟೇ ಪಿಳಿಪಿಳಿ ಬಿಡುತ್ತಿದ್ದ. ಕೊನೆಗೆ ಊದಿನಕಡ್ಡಿಯ ಹೊಗೆ ಮೂಗಿಗೇರಿ ಸೀನಿದ. ಭಜನೆಯವರು ತಾಳ ಅಲ್ಲೇ ಬಿಟ್ಟು ಓಡಿದರು.

ಆಯಿಯೊಬ್ಬಳನ್ನು ಬಿಟ್ಟು ಖೋಲಿ ಖಾಲಿಯಾಯಿತು. ಗೂಳಪ್ಪ ಹೊಸ್ತಿಲ ಮೇಲೆ ಕುಸಿದ. ಮಲಗಿಸಿದರೆ ಒಬ್ಬರ ಹೆಣ, ಕೂಡಿಸಿದರೆ ಇನ್ನೊಬ್ಬರ ಹೆಣ. ನಿಲ್ಲಿಸಿಯೇ ತಿಕ್ಕಬೇಕೇನು? ಬಿಸಿಲು ಆಗಲೇ ಎದುರಿನ ಮಾಳಿಗೆ ಏರಿತ್ತು.

ಆಯಿಗೆ ಪಶ್ಚಾತ್ತಾಪವಾಯಿತು. "ಅಳಬ್ಯಾಡೋ ತಮ್ಮಾ. ನನ್ನ ಹೊರಸ ಕೊಡತೇನಿ. ಅದರ ಮ್ಯಾಲೆ ಮಲಗಿದವರನ್ನ ಸತ್ತಾರಂತ ಯಾರೂ ಅನ್ನೂದಿಲ್ಲ."

"ಆಯಿ, ಅದು ಬಾಣಂತ್ಯಾರ ಹೊರಸ ಬೇ!"

"ಇರವಲ್ಲದ್ಯಾಕ. ಹೊರಸು ಬಾಯಿಬಿಟ್ಟು ಸಾವಕಾರಗ ಹೇಳತೈತೇನು?"

ಬೇರೆ ದಾರಿಯಿರಲಿಲ್ಲ. ಅರ್ಧ ಓಣಿಯ ಬಾಣಂತಿಯರು ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದ ಆ ಹಗ್ಗದ ಮಂಚದ ಮೇಲೆ ಕೌದಿ ಹಾಸಿ ಮುಗಿಸುವುದಕ್ಕೂ ಸಾವಕಾರರು ಚಪ್ಪಲಿ ಬಿಡುವುದಕ್ಕೂ ಸರಿಹೋಯಿತು.

ಸಾವಕಾರರು ಮಲಗಿದರು. ಗೂಳಪ್ಪ ಕೆನೆ ತಿಕ್ಕಿದ, ಹಿಟ್ಟು ಬಳಿದ, ಹತ್ತಿ ಇಟ್ಟ. ಎಲ್ಲ ಸುಸೂತ್ರ ಎನ್ನುವಷ್ಟರಲ್ಲಿ ಆಯಿ ಬಂದಳು. ನಲವತ್ತು ವರ್ಷದ ರೂಢಿ. ಆ ಹೊರಸಿನ ಮೇಲೆ ಒಂದು ಜೀವ ಮಲಗಿದ್ದು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಕೆಂಡದ ಗಡಿಗೆಗೆ ಅಜವಾನ, ಲೋಬಾನ ಹಾಕಿ ಹೊರಸಿನ ಕೆಳಗೆ ನೂಕಿದಳು. ಸಾವಕಾರರ ಕಿವಿ ಮುಚ್ಚುವಂತೆ ಬಿಗಿಯಾಗಿ ವಸ್ತ್ರ ಕಟ್ಟಿದಳು. ದೃಷ್ಟಿ ತಾಗದಿರಲೆಂದು ತಲೆದಿಂಬಿನ ಕೆಳಗೊಂದು ಕುಡುಗೋಲು ಇಟ್ಟಳು. ಗೂಳಪ್ಪ ಕಣ್ಣು ಬಿಟ್ಟ, ಕೈ ಮುಗಿದ, ಅವಳ ಸೆರಗು ಜಗ್ಗಿದ. ಆಯಿ ಸಾವಕಾರರ ನಡ ಒತ್ತುತ್ತಲೇ ಇದ್ದಳು.

ರೊಟ್ಟಿಯ ಬುಟ್ಟಿ ಒಯ್ಯಲು ಮರಳಿ ಬಂದ ಸೋಮವ್ವ ಹೊಗೆ ನೋಡಿ, ಹೊರಸು ನೋಡಿ, ಮುಖವೆಲ್ಲ ನಗೆಯಾದಳು. "ಯಾವಾಗ ಹಡದಾಳ್ರೀ? ಹೆಣ್ಣೋ ಗಂಡೋ?"

ಹೊರಸಿನಿಂದ ಉತ್ತರವೆಂಬಂತೆ ದೊಡ್ಡದೊಂದು ಗೊರಕೆ ಬಂತು.

ದೀಪ ಹಚ್ಚುವ ಹೊತ್ತಿಗೆ ಸಾವಕಾರರು ಎದ್ದರು. ಕನ್ನಡಿ ಕೊಟ್ಟರೆ ನೋಡಲೇ ಇಲ್ಲ. ಎರಡೂ ಕೈಯಿಂದ ನಡ ಮುಟ್ಟಿ ನೋಡಿಕೊಂಡರು, ಬಾಗಿದರು, ಎದ್ದರು.

"ಎಂಟು ವರ್ಷದ ನಡನೋವು, ಗೂಳಪ್ಪಾ! ಹೋತಲ್ಲೋ! ಇಂಥಾ ಸುಖಾ ಹುಟ್ಟಿದಾಗಿಂದ ಕಂಡಿಲ್ಲ."

"ಹಂಗಾದ್ರ... ಖೋಲಿ ಸಾವಕಾರ್ರ?" ಎಂದ ಗೂಳಪ್ಪ. ಕಣ್ಣ ಮುಂದೆ ಗೂಟಕ್ಕೆ ತೂಗಿದ ಚೀಲ ಕಾಣಿಸಿತು.

"ಖೋಲಿ ಯಾಕ ಬೇಕಲೇ ಹುಚ್ಚಾ? ಈ ಸುಖದಾಗ ಎದ್ದು ಪ್ಯಾಟಿ ತುಂಬ ನಡಕೋತ ಮನೀಗೆ ಹೋಗೂದೇನು? ಮನಿ ಮುಟ್ಟೂದ್ರಾಗ ಸುಖಾನ ಇಳದಿರತೈತಿ. ಇದು ಅಂಗಡ್ಯಾಗ ಮಾಡೂ ಕೆಲಸ ಅಲ್ಲ. ನಾಳೆ ಮುಂಜಾನಿ ಹೊರಸು ತಗೊಂಡು ಮನೀಗೆ ಬಾ. ನಮ್ಮ ಬೀಗರಿಗೂ ಹೇಳತೇನಿ, ಊರಾಗ ಎಲ್ಲಾರಿಗೂ ಹೇಳತೇನಿ. ಬಣ್ಣಗಾರರಿಗೆ ಖೋಲಿ ಕೊಟ್ಟೆ ಅಂತ ತಿಳಕೋ."

ಕೀಲಿಕೈ ಇಸಿದುಕೊಂಡು, ತಲೆಗೆ ಕಟ್ಟಿದ ವಸ್ತ್ರ ಬಿಚ್ಚುವುದನ್ನೂ ಮರೆತು ಸಾವಕಾರರು ಹೊರಟುಹೋದರು.

ಮರುದಿನ ಬೆಳಗ್ಗೆ ಪೇಟೆಯಲ್ಲಿ ಗೂಳಪ್ಪ ನಡೆದಿದ್ದ. ಹೆಗಲ ಮೇಲೆ ಅದೇ ಚೀಲ. ತಲೆಯ ಮೇಲೆ ನಾಲ್ಕೂ ಕಾಲು ಆಕಾಶಕ್ಕೆ ಮಾಡಿದ ಹೊರಸು. ಹಿಂದೆ ಕೆಂಡದ ಗಡಿಗೆ ಹಿಡಿದ ಮಾದೇವಿ ಆಯಿ.

"ಯಾರ ಮನ್ಯಾಗ ಬಾಣಂತಿ, ಗೂಳಪ್ಪಾ?" ಎಂದು ಕಟ್ಟೆಯ ಮೇಲಿನವರು ಕೇಳಿದರು.

"ಗಾಲಿ ಹಚ್ಚಿ ಕೊಡಲೇನೋ?" ಎಂದು ಗಿರಿಮಲ್ಲಪ್ಪ ತನ್ನ ಅಂಗಡಿಯಿಂದ ಕೂಗಿದ.

ಗೂಳಪ್ಪ ತಲೆ ಎತ್ತಿ ನೋಡುವ ಹಾಗಿರಲಿಲ್ಲ. ತಲೆಯ ಮೇಲೆ ಅವನ ಅಂಗಡಿಯಿತ್ತು.