ಸಮುದ್ರದ ವೇಳಾಪಟ್ಟಿ

ಕಂಡದ್ದನ್ನು ಹೇಳುವಾಗ ನಾಲಿಗೆ ತಡವರಿಸುತ್ತದೆ; ಕಾಣದ್ದನ್ನು ಕಲಿಸುವಾಗ ಆ ತೊಂದರೆಯಿಲ್ಲ. ಹುನಗುಂದದ ಸಾಲೆಯಲ್ಲಿ ನಾನು ನಾಲ್ಕು ವರ್ಷ ನಿರರ್ಗಳವಾಗಿ ಸಮುದ್ರ ಕಲಿಸಿದೆ. ಆಗ ನಾವಿನ್ನೂ ಮುಂಬಯಿ ಸರಕಾರದವರು, ಆದ್ದರಿಂದ ಅರಬ್ಬೀ ಸಮುದ್ರ ಒಂದು ರೀತಿಯಲ್ಲಿ ನಮ್ಮದೇ. ಆದರೆ ನಾನು ಕಣ್ಣಾರೆ ಕಂಡಿದ್ದ ದೊಡ್ಡ ನೀರೆಂದರೆ ಕೂಡಲಸಂಗಮದ್ದು. ಅದೂ ಬೇಸಿಗೆಯಲ್ಲಿ, ಧೋತರ ಎತ್ತಿ ಕಟ್ಟಿ ದಾಟುವಷ್ಟು. ಇದರಿಂದ ಪಾಠಕ್ಕೆ ಕುಂದೇನೂ ಬರಲಿಲ್ಲ. ಭೂಖಂಡದ ಅಂಚು ನೀರಿನೊಳಗೆ ಸ್ವಲ್ಪ ದೂರ ಮೆಲ್ಲಗೆ ಇಳಿದು ಆಮೇಲೆ ಒಮ್ಮೆಲೇ ಆಳವಾಗುತ್ತದೆ ಎನ್ನುವುದಕ್ಕೆ ಬದಾಮಿಯ ಹೊಂಡದ ಮೆಟ್ಟಿಲುಗಳಿದ್ದವು. ಸಾಗರದ ಪ್ರವಾಹಕ್ಕೆ ಇಳಕಲ್ಲ ಸೀರೆಯ ದಡಿಯಿತ್ತು: ಅದೇ ಬಟ್ಟೆ, ಬೇರೆ ಬಣ್ಣ, ತನ್ನದೇ ದಾರಿ. ಇನ್ನು ಲವಣಾಂಶ. ಸಾವಿರ ಪಾಲು ಸಮುದ್ರದ ನೀರಿನಲ್ಲಿ ಮೂವತ್ತೈದು ಪಾಲು ಲವಣ. ಅದರಲ್ಲಿ ಹೆಚ್ಚಿನದು ಅಡಿಗೆಯ ಉಪ್ಪು, ಉಳಿದದ್ದು ‘ಇತರೆ’ ಎಂದು ಪುಸ್ತಕದ ಕೋಷ್ಟಕದಲ್ಲಿತ್ತು. ಇತರೆ ಹುನಗುಂದದ ಅಂಗಡಿಗಳಲ್ಲಿ ಸಿಗುವ ಸರಕಲ್ಲವಾದ್ದರಿಂದ ಬರೀ ಉಪ್ಪನ್ನೇ ತೂಗಿ, ಮಣ್ಣಿನ ಗಡಿಗೆಯ ನೀರಿನಲ್ಲಿ ಕಲಸಿ, ತರಗತಿಗೆಲ್ಲ ಒಂದೊಂದು ಉದ್ಧರಣೆ ಸಮುದ್ರ ಹಂಚಿದೆ. ಎಲ್ಲರೂ ಮುಖ ಕಿವುಚಿದರು. ಪಾಠ ಯಶಸ್ವಿಯಾಯಿತು.

ತೊಂದರೆಯಿದ್ದದ್ದು ಸಾಲೆಯಲ್ಲಲ್ಲ, ಮನೆಯಲ್ಲಿ. ಅಲ್ಲಿ ಸಮುದ್ರ ಕಂಡವರೊಬ್ಬರಿದ್ದರು. ನನ್ನ ಹೆಂಡತಿ ಸುಮಿತ್ರೆ. ಆಕೆಯ ತಂದೆ ಮೂಲತಃ ಬದಾಮಿಯವರೇ. ಆದರೆ ನೌಕರಿ ಮಾಡಿದ್ದು ಕುಮಟಾ ಕಡೆಯ ಒಂದು ಉಪ್ಪಿನ ಆಗರದಲ್ಲಿ, ಕಾರಕೂನನಾಗಿ. ಭರತಿಯ ಹೊತ್ತಿಗೆ ಬಾಗಿಲು ತೆಗೆದು ಸಮುದ್ರದ ನೀರನ್ನು ಮಡಿಗಳಿಗೆ ಬಿಟ್ಟುಕೊಂಡು, ಬಿಸಿಲಿಗೆ ಒಣಗಿಸಿ ಉಪ್ಪು ಮಾಡುವ ಜಾಗ ಅದು. ಸುಮಿತ್ರೆ ಆ ಮಡಿಗಳ ಬದುವಿನ ಮೇಲೆ ಓಡಾಡಿ ಬೆಳೆದವಳು. ಮದುವೆಯಾಗಿ ಇತ್ತ ಬಂದ ಮೇಲೆ ಐದು ವರ್ಷ ತವರಿಗೆ ಹೋಗಿರಲಿಲ್ಲ. ಆ ವರ್ಷ ಮಾವನವರು ಅಲ್ಲೇ ಹಾಸಿಗೆ ಹಿಡಿದಿದ್ದರು. “ನೌಕರಿ ಕಾಯಂ ಆಗಲಿ, ಮೇ ಸೂಟಿಯೊಳಗ ಖರೇನ ಹೋಗೋಣ,” ಎಂದು ನಾನು ಮಾತು ಕೊಟ್ಟಿದ್ದೆ. ಕಾಯಂ ಆಗುವುದು ಮಾರ್ಚಿನ ತಪಾಸಣೆಯ ಮೇಲೆ ನಿಂತಿತ್ತು.

ತಪಾಸಣೆಯ ಹಿಂದಿನ ದಿನ ಸಾಲೆ ಬಿಟ್ಟ ಮೇಲೆ ಮನೆಯ ಪಡಸಾಲೆಯಲ್ಲಿ ಕೂತು ಒಂದು ದೊಡ್ಡ ತಖ್ತೆ ಬರೆದೆ. ಬಾಗಲಕೋಟೆಯ ಸ್ಟೇಷನ್ನಿನಲ್ಲಿ ಗಾಡಿಗಳ ಪಟ್ಟಿ ತೂಗುಹಾಕಿರುತ್ತಾರಲ್ಲ, ಹಾಗೆಯೇ. ನೀಲಿ ಶಾಯಿ, ಸುತ್ತ ಕೆಂಪು ಗೆರೆ. ಸುಮಿತ್ರೆ ಕೈಯೊರೆಸಿಕೊಳ್ಳುತ್ತ ಬಂದು, ಪಕ್ಕದಲ್ಲಿ ಕೂತು ನೋಡಿದಳು.

“ಇದೇನ್ರಿ?”

“ಸಮುದ್ರದ ವೇಳಾಪಟ್ಟಿ. ಭರತಿ ಮುಂಜಾನೆ ಆರಕ್ಕ, ಸಂಜಿ ಆರಕ್ಕ. ಇಳಿತ ಹನ್ನೆರಡಕ್ಕ.”

“ದಿನಾ?”

“ದಿನಾ. ದಿನಕ್ಕ ಎರಡು ಸಲ ಅಂತ ಪುಸ್ತಕದಾಗ ಅದ.”

“ಸಮುದ್ರ ಏನು ನಿಮ್ಮ ಸಾಲಿ ಗಂಟಿ ಕೇಳಿ ಬರ್ತದೇನ್ರಿ? ಇವತ್ತ ಆರಕ್ಕ ಬಂದ್ರ ನಾಳೆ ಎರಡು ಘಳಿಗಿ ತಡಾ, ನಾಡದ ಮತ್ತೆರಡು ಘಳಿಗಿ. ಚಂದ್ರ ದಿನಾ ತಡಾ ಮಾಡಿ ಹುಟ್ಟತಾನಲ್ಲ, ಅವನ ಬೆನ್ನ ಹಿಂದ ಅದು. ನಮ್ಮಪ್ಪ ಪಂಚಾಂಗ ನೋಡಿ ಆಗರದ ಬಾಗಲಾ ತಗಸ್ತಿದ್ದರು.”

“ಹಂಗಾರ ಪುಸ್ತಕ ಬರದವರಿಗೆ ಬುದ್ಧಿ ಇಲ್ಲೇನು?”

“ಅವರಿಗೆ ಅದ ರಿ. ಅವರು ಎರಡು ಸಲ ಅಂದಾರ ಅಷ್ಟ. ಆರು ಗಂಟಿ ಅಂದವರು ನೀವು.”

“ಉಪ್ಪು ಕಾಯೋರ ಮಾತು ಭೂಗೋಳ ಆಗೂದಿಲ್ಲ,” ಎಂದೆ. ಈ ಮಾತನ್ನು ಬಾಯಿಬಿಟ್ಟು ಆಡಿದೆನೋ ಮನಸ್ಸಿನಲ್ಲೇ ಅಂದುಕೊಂಡೆನೋ? ಮನಸ್ಸಿನಲ್ಲೇ ಎಂದು ನೆನಪು ಸಾಕ್ಷಿ ಹೇಳುತ್ತದೆ. ಆದರೆ ನೆನಪು ನನ್ನ ಮನೆಯ ಉಪ್ಪು ತಿಂದದ್ದು, ಅದರ ಸಾಕ್ಷಿ ನಡೆಯುವುದಿಲ್ಲ. ಸುಮಿತ್ರೆ ಎದ್ದು ಒಳಗೆ ಹೋದದ್ದಂತೂ ನಿಜ. ಮನಸ್ಸಿನಲ್ಲಿ ಆಡಿದ ಮಾತಿಗೆ ಯಾರೂ ಎದ್ದು ಹೋಗುವುದಿಲ್ಲ.

ಮರುದಿನ ತಪಾಸಣೆಯ ಸಾಹೇಬರು ಬಂದರು. ಜೊತೆಗೆ ನಮ್ಮ ಹೆಡ್‌ಮಾಸ್ತರರು, ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು. ಸಾಹೇಬರು ತಖ್ತೆಯ ಎದುರು ಬಹಳ ಹೊತ್ತು ನಿಂತರು. “ಚಂದ ಬರದೀರಿ ಮಾಸ್ತರ. ನಾಳೆ ಭರತಿ ಎಷ್ಟಕ್ಕ?” ಎಂದರು. ಆ ದನಿಯಲ್ಲಿ ಬಲೆಯಿತ್ತು. ಹೆಡ್‌ಮಾಸ್ತರರು ನನ್ನನ್ನು ಆಗಲೇ ಮಾಜಿ ಮಾಸ್ತರನನ್ನು ನೋಡುವಂತೆ ನೋಡಿದರು. ನನ್ನ ಬಾಯಿ ತಾನಾಗಿಯೇ ತೆರೆದುಕೊಂಡಿತು.

“ಎರಡು ಘಳಿಗಿ ತಡಾ ಆಗ್ತದ್ರಿ ಸಾಹೇಬರ. ಚಂದ್ರನ ಬೆನ್ನ ಹಿಂದ ಅದು. ಮಕ್ಕಳು ತಪ್ಪು ಹುಡುಕಲಿ ಅಂತ ಪಟ್ಟಿ ಬೇಕಂತನ ಹಂಗ ಬರದೀನಿ.”

“ಭಲೆ! ಇದು ಪುಸ್ತಕದ ಮಾತಲ್ಲ, ಸಮುದ್ರ ಕಂಡವರ ಮಾತು. ಯಾವ ಕಡೆ ಇದ್ರಿ?”

“ಕುಮಟಾ ಕಡೆ ರಿ,” ಎಂದೆ. ಮಾತು ಹೇಗೂ ಕದ್ದದ್ದಾಗಿತ್ತು. ಜೊತೆಗೆ ಸುಮಿತ್ರೆಯ ಬಾಲ್ಯವನ್ನೂ ತೆಗೆದುಕೊಂಡೆ.

ಕಾಯಂ ಆದೆ. ಆದರೆ ಸಾಹೇಬರು ಬರೀ ಮೆಚ್ಚಿ ಬಿಡುವ ಜಾತಿಯವರಲ್ಲ. ಮೇ ತಿಂಗಳಿಡೀ ಬಾಗಲಕೋಟೆಯಲ್ಲಿ ಮಾಸ್ತರರ ಶಿಬಿರ. ಸಮುದ್ರಶಾಸ್ತ್ರದ ಮೂಲ ಶಬ್ದಗಳಿಗೆ ಕನ್ನಡದ ಪಟ್ಟಿಯೊಂದನ್ನು ಸಮುದ್ರ ಕಂಡ ನಾನೇ ಮಾಡಿಕೊಡಬೇಕೆಂದು ಅಪ್ಪಣೆಯಾಯಿತು. ಹುನಗುಂದದಿಂದ ಆಚೆ ಹೋಗದ ನನ್ನ ಕೀರ್ತಿ ಬಾಗಲಕೋಟೆ ಮುಟ್ಟಿತೆಂದು ಉಬ್ಬಿ ಹೋದೆ. “ಸಾಹೇಬರಿಗೆ ಒಲ್ಲೆ ಅನ್ನಲಿಕ್ಕೆ ಬರ್ತದೇನು? ದೀಪಾವಳಿ ಸೂಟಿಗೆ ಹೋಗೋಣ,” ಎಂದೆ ಸುಮಿತ್ರೆಗೆ.

“ಭರತಿ ತಡಾ ಆದ್ರ ಮರುದಿನ ಬಂದ ಬರ್ತದ್ರಿ. ನಮ್ಮಪ್ಪಂದು ಹಂಗಲ್ಲ,” ಎಂದಳು.

ಆದರೂ ಶಿಬಿರಕ್ಕೆ ಹೊರಡುವ ಮುನ್ನ ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಹುಣ್ಣಿವೆ ಅಮಾವಾಸ್ಯೆಗೆ ಬರುವ ದೊಡ್ಡ ಭರತಿ, ಅಷ್ಟಮಿಯ ಸಣ್ಣ ಭರತಿ, ಹೊಳೆಯ ಬಾಯಲ್ಲಿ ಸಿಹಿನೀರು ಮೇಲೆ ತೇಲಿ ಉಪ್ಪುನೀರು ಅಡಿಯಲ್ಲಿ ನುಗ್ಗುವುದು, ಎಲ್ಲವನ್ನೂ ಅಕ್ಕಿ ಆರಿಸುತ್ತಲೇ ಹೇಳಿದಳು. ಆಕೆಯ ಶಬ್ದಗಳು ಗ್ರಾಮ್ಯವೆನಿಸಿ, ಅರ್ಥವನ್ನು ಇಟ್ಟುಕೊಂಡು ಸಂಸ್ಕೃತ ತೊಡಿಸಿದೆ.

ಜೂನಿನಲ್ಲಿ ಮಳೆ ಹಿಡಿದ ವಾರ ಆಕೆಯ ತವರಿನಿಂದ ಕಾಗದ ಬಂತು. ಅದು ಬರುವ ಹೊತ್ತಿಗೆ ಮಾವನವರು ಹೋಗಿ ಆರು ದಿನವಾಗಿತ್ತು. ಸಾಲೆ ಶುರುವಾಗಿದೆ ಎಂದು ನಾನು ಉಳಿದೆ. ಸುಮಿತ್ರೆ ನನ್ನ ತಮ್ಮನ ಜೊತೆ ಹೋಗಿ, ಕ್ರಿಯೆ ಮುಗಿಸಿಕೊಂಡು ಬಂದಳು. ಬಂದವಳು ಗಂಟು ಬಿಚ್ಚಿ ಔಷಧದ ಬಾಟಲಿಯೊಂದನ್ನು ನನ್ನ ಮುಂದಿಟ್ಟಳು.

“ಸಮುದ್ರದ ನೀರು. ರುಚಿ ನೋಡ್ರಿ.”

ನಾಲಿಗೆಗೆ ಒಂದು ಹನಿ ಹಚ್ಚಿಕೊಂಡೆ. ಮೊದಲು ಉಪ್ಪು. ಆಮೇಲೆ, ಗಂಟಲ ಹತ್ತಿರ, ಕಹಿ.

“ನಿಮ್ಮ ಗಡಿಗಿಯೊಳಗ ಇದು ಇದ್ದಿಲ್ಲ,” ಎಂದಳು.

ಪುಸ್ತಕ ತೆಗೆದು ನೋಡಿದೆ. ಕಹಿ ಬರುವುದು ಉಪ್ಪಿನಿಂದಲ್ಲ, ‘ಇತರೆ’ ಎಂಬ ಸಾಲಿನೊಳಗೆ ಅಡಗಿದವುಗಳಿಂದ. ಅದೇ ವಾರ ನನ್ನ ಶಬ್ದಪಟ್ಟಿ ಅಚ್ಚಾಗಿ ಬಂದಿತ್ತು. ಸುಮಿತ್ರೆ ಅದನ್ನು ಎತ್ತಿಕೊಂಡು ನಿಧಾನವಾಗಿ ಹಾಳೆ ತಿರುವಿದಳು. ಕೊನೆಯ ಪುಟದಲ್ಲಿ ನೆರವಾದವರಿಗೆ ನನ್ನ ವಂದನೆಗಳಿದ್ದವು: ಸಾಹೇಬರಿಗೆ, ಹೆಡ್‌ಮಾಸ್ತರರಿಗೆ, ಹಾಗೂ ಇತರರಿಗೆ.

“ಯಾರ್ರಿ ಇವರು, ಇತರರು?” ಎಂದು ಕೇಳಿದಳು.

ಎದುರಿಗೇ ಕೂತಿದ್ದಳು, ಐದು ವರ್ಷದಿಂದ ದಿನವೂ ಕಂಡವಳು. ಕಂಡದ್ದನ್ನು ಹೇಳುವಾಗ ನಾಲಿಗೆ ತಡವರಿಸುತ್ತದೆ ಎಂದು ಮೊದಲೇ ಹೇಳಿದೆನಲ್ಲ.