ಊರಿಗೊಬ್ಬನೇ ಟೂಹಿ

ಕೋಲಮನ್ ಟೂಹಿ ಅಂದು ಬೆಳಿಗ್ಗೆ ಬ್ರೆಡ್ಡಿಗೆಂದು ಅಂಗಡಿಗೆ ಹೋಗದಿದ್ದರೆ ಏನೂ ಆಗುತ್ತಿರಲಿಲ್ಲ. ಹೋದ. ಅಲ್ಲಿ ಕೆನಡಾದಿಂದ ಬಂದ ಓಡಿಲ್ ನಿಂತಿದ್ದಳು. ಅವಳ ಮುತ್ತಜ್ಜಿ ಹೊನೋರಾ ಟೂಹಿ ಹುಟ್ಟಿದ್ದು ಗಾಲ್ವೇ ಕರಾವಳಿಯ ಈ ಹಳ್ಳಿಯಲ್ಲೇ. ಆಲೂಗಡ್ಡೆ ಕೊಳೆತುಹೋದ ಕ್ಷಾಮದಲ್ಲಿ, ಆರರ ವಯಸ್ಸಿಗೆ ಹಡಗು ಹತ್ತಿದವಳು. ಹೆತ್ತವರನ್ನು ನಡುಗಡಲಲ್ಲಿ ಕಳೆದುಕೊಂಡು ಪರರ ಮನೆಯಲ್ಲಿ ಬೆಳೆದವಳು.

“ಟೂಹಿನಾ? ಊರಿಗೆ ಉಳಿದಿರೋ ಒಬ್ಬನೇ ಟೂಹಿ ಇಗೋ!” ಅಂಗಡಿಯ ಅಟ್ರಾಕ್ಟಾ ಅವನನ್ನು ಮುಂದಕ್ಕೆ ನೂಕಿದಳು.

ಓಡಿಲ್ ನಕ್ಕಳು. ನಲವತ್ತೈದರ ಬ್ರಹ್ಮಚಾರಿಯ ಎದೆ ಚಳಿಗಾಲದ ಟ್ರಾಕ್ಟರಿನಂತೆ ಕೆಮ್ಮಿ ಕೆಮ್ಮಿ ಶುರುವಾಯಿತು.

“ಟೂಹಿಗಳಲ್ಲಿ ಬೇಕಾದಷ್ಟು ಕವಲಿದೆ. ನಮ್ಮದು ಬೇರೇನೇ ಇರ್ಬೇಕು,” ಎಂದ ಅವಸರದಿಂದ.

“ಸುಮ್ನಿರಯ್ಯಾ! ಮೂಗು ನೋಡು, ಒಂದೇ ಅಚ್ಚು!”

ಮಾಂಸದಂಗಡಿಯ ಫೆಸ್ಟಿ ಬಂದು ಇಬ್ಬರ ಕಿವಿಯನ್ನೂ ಪರೀಕ್ಷಿಸಿದ. ಓಡಿಲ್‌ಳ ಕಿವಿಗೆ ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ಕೋಲಮನ್‌ನ ಮನೆಯಲ್ಲಿತ್ತು. ಅವನ ತಾಯಿಯ ಪಟವನ್ನು ಗೋಡೆಯಿಂದಿಳಿಸಿ ಓಡಿಲ್‌ಳ ಕೆನ್ನೆಗೆ ಒತ್ತಿಹಿಡಿಯಲು ಹೋದರು. ಅದು ಜಾರಿ ಕೋಲಮನ್‌ನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಕೊನೆಗೆ, ಕುಂಟುತ್ತಿದ್ದ ಅವನನ್ನೂ ಎಳೆದುಕೊಂಡು, ಊರಿಗೇ ಹಿರಿಯಳಾದ ಸಬೀನಾ ಅಜ್ಜಿಯ ಬಳಿ ಹೋದರು.

“ಹೊಸ್ತಿಲ ಮೇಲೆ ಕೂತರೆ ಸಮುದ್ರ ಕಾಣ್ತಿತ್ತು ಅಂತಿದ್ದಳಂತೆ ಮುತ್ತಜ್ಜಿ,” ಎಂದಳು ಓಡಿಲ್.

“ಹಂಗಾದ್ರೆ ಇವನ ಪೈಕಿ ಅಲ್ಲ ಕಣಮ್ಮಾ. ಇವನ ಬಾಗಿಲಿಗೆ ಕಾಣೋದು ಬರೀ ಗುಡ್ಡ. ಅವಳು ದಡದ ಟೂಹಿಗಳವಳು. ಆ ಮನೇನೂ ಇಲ್ಲ, ಆ ಪೈಕಿ ಜನಾನೂ ಒಬ್ಬರೂ ಉಳೀಲಿಲ್ಲ.”

ಕೋಲಮನ್‌ಗೆ ಹೆಬ್ಬೆರಳ ನೋವೇ ಮಾಯವಾಯಿತು. ಶನಿವಾರದ ಕುಣಿತಕ್ಕೆ ಬರ್ತೀರಾ ಎಂದು ಕೇಳಿಯೇಬಿಡಬೇಕು ಎಂದುಕೊಂಡು ಅವಳ ಹಿಂದೆಯೇ ಹೊರಬಂದ.

ಅವಳು ಕಲ್ಲುಗೋಡೆಗೆ ಒರಗಿ ಅಳುತ್ತಿದ್ದಳು. “ಮುತ್ತಜ್ಜಿ ಸಾಯೋ ದಿನಾನೂ ಕೇಳಿದ್ದಳಂತೆ, ‘ನಮ್ಮೋರು ಯಾರಾದ್ರೂ ಬಂದ್ರಾ?’ ಅಂತ. ಒಬ್ಬರಾದ್ರೂ ಸಿಕ್ತಾರೆ ಅಂದ್ಕೊಂಡು ಬಂದೆ.”

ಕುಣಿತದ ಮಾತು ಬಿಟ್ಟು ಅವನೂ ಅವಳ ಪಕ್ಕದಲ್ಲಿ ಗೋಡೆಗೆ ಒರಗಿದ.

“ಅಜ್ಜಿಗೆ ಮರೆವು,” ಎಂದ ಮೆಲ್ಲಗೆ. “ಮೊದಲು ನಮ್ಮ ಮನೇನೂ ದಡದಲ್ಲೇ ಇತ್ತು. ಹೊನೋರಾ ನಮ್ಮ ಮುತ್ತಜ್ಜನ ತಂಗಿ. ಅವನೂ ಕೊನೇವರೆಗೂ ದಾರಿ ಕಾದನಂತೆ.”

ಬಾಗಿಲಲ್ಲಿ ನಿಂತಿದ್ದ ಅಟ್ರಾಕ್ಟಾ ಬಾಯಿ ತೆರೆದಳು. ಜನ್ಮದಲ್ಲಿ ಮೊದಲ ಸಲ ಏನೂ ಹೇಳದೆ ಮುಚ್ಚಿಕೊಂಡಳು.

“ಅಣ್ಣಾ!” ಓಡಿಲ್ ಅವನ ಕೊರಳಿಗೆ ಜೋತುಬಿದ್ದು ಬಿಕ್ಕಿದಳು. ಅವಳ ತಲೆ ಸವರುತ್ತ ಅವನೂ ಕಣ್ಣೊರೆಸಿಕೊಂಡ. ಯಾವುದಕ್ಕೆ ಎಂದು ಅವನಿಗೇ ಸರಿಯಾಗಿ ತಿಳಿಯಲಿಲ್ಲ.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಫೆಸ್ಟಿ ತಲೆಗೆ ನೀರು ಹಚ್ಚಿ ಬಾಚಿಕೊಂಡು, ಕೋಟು ತೊಟ್ಟು ನಿಂತಿದ್ದ.

“ಏನಿಲ್ಲ ಕೋಲಮನ್... ನಿನ್ನ ತಂಗೀನ ಶನಿವಾರ ಕುಣಿತಕ್ಕೆ ಕರ್ಕೊಂಡು ಹೋಗ್ಲಾ? ಅವರನ್ನ ಕೇಳ್ದೆ. ‘ಅಣ್ಣ ಒಪ್ಪಿದ್ರೆ ಬರ್ತೀನಿ’ ಅಂದ್ರು.”